ಸಾವಯವ ವಾಹಕ, ಅತಿವಾಹಕ: ಒಂದು ಶಬ್ದವಿಚಾರ

ಶಿವಮೊಗ್ಗೆಯಿಂದ ಸವಳಂಗದ ಕಡೆಗೆ ಹೋಗುವ ಮಾರ್ಗದಲ್ಲಿ ನವುಲೆಯೆಂಬ ಸ್ಥಳವಿರುತ್ತದೆ. ಈ ಹೆಸರನ್ನು ನವಿಲೆ ಎಂದೂ ಕೆಲವರು ಬರೆಯುವರು. ಎರಡು ಬರೆವಣಿಗೆಯೂ ಬಳಕೆಯಲ್ಲಿದೆ. ಇಲ್ಲಿ 1980ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಉಂಟು. 2012ರಲ್ಲಿ ಏರ್ಪಟ್ಟು ಈಗ ಕೆಳದಿ ಶಿವಪ್ಪನಾಯಕನ ಹೆಸರನ್ನು ಹೊತ್ತಿರುವ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಒಂದು ಆವರಣವೂ, ಅದರಲ್ಲಿ ಸಾವಯವ ಕೃಷಿಯನ್ನು ಕುರಿತ ಸಂಶೋಧನಕೇಂದ್ರವೂ ಇಲ್ಲಿಯೇ ಉಂಟು. ಒಂದೇ ದಾರಿಯ ಮೇಲಿರುವ ಈ ಎರಡು ವಿದ್ಯಾಸ್ಥಾನಗಳಲ್ಲಿ 'ಸಾವಯವ' ಎಂಬ ಒಂದೇ ಶಬ್ದವು ಪರಸ್ಪರ ಹೊಂದದ ಎರಡು ಅರ್ಥಗಳಲ್ಲಿ ನಡೆಯುತ್ತಿರುವುದು ವಿಚಾರಾರ್ಹವಾದ ಸಂಗತಿ.

ಯೂರಿಯಾ ಎಂಬ ವಸ್ತುವನ್ನೇ ತೆಗೆದುಕೊಳ್ಳಬಹುದು. 1828ರಲ್ಲಿ ಜರ್ಮನಿಯ ವೋಲರ್ ಎಂಬ ರಸಾಯನಜ್ಞನು ಪ್ರಾಣಿದೇಹದ ನೆರವಿಲ್ಲದೆ ಈ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಪಡೆದನು. ಸಾವಯವ ದ್ರವ್ಯಗಳು ಜೀವಶಕ್ತಿಯಿಂದಲೇ ಹುಟ್ಟತಕ್ಕವು ಎಂಬ ಪೂರ್ವಕಾಲದ ನಂಬಿಕೆಯು ಸಡಿಲವಾಗುವುದಕ್ಕೆ ಇದೇ ಮೊದಲಾಯಿತು. ಹೀಗಾಗಿ ರಸಾಯನಶಾಸ್ತ್ರದಲ್ಲಿ ಯೂರಿಯಾವು ಸಾವಯವ ದ್ರವ್ಯಗಳ ಪೈಕಿ ಪ್ರಸಿದ್ಧವಾದುದು. ಸಾವಯವ ಕೃಷಿಯಲ್ಲಿಯಾದರೋ ಅದೇ ಯೂರಿಯಾವು ಮೊದಲು ವರ್ಜ್ಯವಾದ ಗೊಬ್ಬರ. ಇನ್ನು ಮಲೆನಾಡಿನ ಅಡಕೆ ತೋಟಗಳಲ್ಲಿ ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣಗಳಿಂದಾದುದು. ರಸಾಯನಶಾಸ್ತ್ರದ ಮಾತಿನಲ್ಲಿ ಅದರಲ್ಲಿ ಸಾವಯವವಾದುದು ಏನೂ ಇಲ್ಲ. ಆದರೂ ಸಾವಯವ ಕೃಷಿಯ ನಿಯಮಗಳು ಅದನ್ನು ಮಿತಿಯಲ್ಲಿ ಒಪ್ಪುತ್ತವೆ. ಸಾವಯವವಾದುದು ಸಾವಯವ ಕೃಷಿಗೆ ನಿಷಿದ್ಧ, ಸಾವಯವವಲ್ಲದ್ದು ಗ್ರಾಹ್ಯ ಎಂಬ ಈ ವೈಚಿತ್ರ್ಯವನ್ನು ಕನ್ನಡದ ಮೂಲಕ ಓದಿದ ವಿದ್ಯಾರ್ಥಿಯು ಹೇಗೋ ನುಂಗಿಕೊಂಡು ಮುಂದೆ ಹೋಗುತ್ತಾನೆ. ಅವನು ಕಾಲೇಜಿಗೆ ಬಂದು 'ಸಾವಯವ ವಾಹಕ', 'ಸಾವಯವ ಅತಿವಾಹಕ' ಎಂಬ ಹೆಸರುಗಳನ್ನು ಕೇಳಿದಾಗ ಅವನ ಮನಸ್ಸಿಗೆ ಯಾವ ಅರ್ಥವು ಬರಬೇಕು? ಎರೆಹುಳುವಿನ ಗೊಬ್ಬರದಲ್ಲಿ ಹರಿಯುವ ವಿದ್ಯುತ್ತೆಂದು ಅವನು ಭಾವಿಸಿದರೆ ಅಪರಾಧವು ಅವನದಲ್ಲ.

ಶಬ್ದವನ್ನು ವಿಮರ್ಶಿಸುವುದಕ್ಕೆ ಮೊದಲು ಅದು ಹೇಳಹೊರಟ ವಸ್ತುವನ್ನು ತಿಳಿಯಬೇಕು. ಕನ್ನಡದಲ್ಲಿ ಪರಿಭಾಷೆಯ ಚರ್ಚೆಗಳು ಅನೇಕವೇಳೆ ಕೋಶದಲ್ಲಿ ಹುಟ್ಟಿ ಕೋಶದಲ್ಲಿಯೇ ಮುಗಿದುಹೋಗುತ್ತವೆ. ವಸ್ತುವಿನ ಬಾಗಿಲನ್ನು ತಟ್ಟುವುದೇ ಇಲ್ಲ.

ಲೋಹಗಳಲ್ಲಿ ವಿದ್ಯುತ್ತು ಹರಿಯುವುದಕ್ಕೆ ಕಾರಣ ಅಲ್ಲಿಯ ಎಲೆಕ್ಟ್ರಾನುಗಳು ಯಾವುದೊಂದು ಪರಮಾಣುವಿಗೂ ಕಟ್ಟುಬೀಳದೆ ಸಂಚರಿಸುವುದು. ಸಕ್ಕರೆ, ಮೇಣ, ಅರಗು, ರೇಷ್ಮೆ, ಹತ್ತಿ ಮುಂತಾದ ಇಂಗಾಲಮಯ ದ್ರವ್ಯಗಳಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ಅಣುಗಳಲ್ಲಿಯೇ ಬಂಧಿತವಾಗಿರುತ್ತವೆ. ಆದುದರಿಂದಲೇ ತಂತಿಗಳಿಗೆ ಇಂತಹ ವಸ್ತುಗಳನ್ನು ಹೊದಿಕೆಯಾಗಿ ಸುತ್ತುತ್ತಿದ್ದರು. ಹೀಗಿದ್ದರೂ ಇಂಗಾಲಮಯವಾದ ಅಣುಗಳಿಂದ ಲೋಹದ ಗುಣವನ್ನು ಪಡೆಯಬಹುದೇ ಎಂಬ ಆಲೋಚನೆಯು ಹೊಸದಲ್ಲ. ಅಮೆರಿಕದ ಮೆಕಾಯ್ ಮತ್ತು ಮೂರ್ ಎಂಬಿಬ್ಬರು 1911ರಲ್ಲಿಯೇ ಇದನ್ನು ಸೂಚಿಸಿದರು. ಹಾಲೆಂಡಿನಲ್ಲಿ ಕಾಮರ್ಲಿಂಗ್ ಓನ್ನೆಸನು ಪಾದರಸವನ್ನು ಪರಮಶೂನ್ಯದ ಮೇಲೆ ಸುಮಾರು 4.2 ಡಿಗ್ರಿಯವರೆಗೆ ತಣಿಸಿದಾಗ ಅದರ ರೋಧವು ಇದ್ದಕ್ಕಿದ್ದಂತೆ ಇಲ್ಲವಾದುದನ್ನು ಕಂಡದ್ದೂ ಅದೇ ವರ್ಷ. ಈ ಎರಡು ದಾರಿಗಳು ಒಂದನ್ನೊಂದು ಕೂಡುವುದಕ್ಕೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ನಡುವೆ ನಡೆದುದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1954ರಲ್ಲಿ ಜಪಾನಿನ ಅಕಮಾಟು, ಇನೊಕುಚಿ, ಮತ್ಸುನಾಗ ಎಂಬವರು ಪೆರಿಲೀನ್ ಎಂಬ ದ್ರವ್ಯಕ್ಕೆ ಬ್ರೋಮಿನನ್ನು ಸೇರಿಸಿ ಸಾಕಷ್ಟು ವಿದ್ಯುತ್ತನ್ನು ಒಯ್ಯುವ ಘನವಸ್ತುವನ್ನು ಪಡೆದರು. 1964ರಲ್ಲಿ ಅಮೆರಿಕದ ಲಿಟ್ಲ್ ಎಂಬ ವಿದ್ವಾಂಸನು, ತಕ್ಕ ರೀತಿಯಲ್ಲಿ ಕಟ್ಟಿದ ಇಂಗಾಲದ ಸರಪಳಿಯೊಂದು ಸಾಧಾರಣ ಉಷ್ಣತೆಯಲ್ಲಿಯೂ ರೋಧರಹಿತವಾಗಬಹುದೆಂದು ಲೆಕ್ಕಹಾಕಿದನು. ಆತನು ಹೇಳಿದಂತಹ ಸರಪಳಿಯು ಇಂದಿಗೂ ಸಿದ್ಧಿಸಿಲ್ಲ. ಆದರೆ ಆ ಆಸೆಯು ಅನೇಕ ರಸಾಯನಜ್ಞರನ್ನು ಕೆಲಸಕ್ಕೆ ಹಚ್ಚಿತು. 1970ರಲ್ಲಿ ವುಡ್ಲ್ ಎಂಬವನು ಟೆಟ್ರಾಥಯಾಫಲ್ವಲೀನ್ ಎಂಬ, ಗಂಧಕವನ್ನು ಒಳಗೊಂಡ, ಚಪ್ಪಟೆಯಾದ ಅಣುವನ್ನು ತಯಾರಿಸಿದನು. ಇದು ಎಲೆಕ್ಟ್ರಾನನ್ನು ಸುಲಭವಾಗಿ ಕೊಡತಕ್ಕುದು. ಇದನ್ನು, ಎಲೆಕ್ಟ್ರಾನನ್ನು ಆತುರದಿಂದ ಪಡೆಯುವ ಟಿ.ಸಿ.ಎನ್.ಕ್ಯು. ಎಂಬ ಮತ್ತೊಂದು ಅಣುವಿನೊಡನೆ ಕೂಡಿಸಿದಾಗ 1973ರಲ್ಲಿ ಲೋಹದಂತೆ ವರ್ತಿಸುವ ಹರಳು ದೊರೆಯಿತು. ಅದರಲ್ಲಿ ದಾತೃಗಳು ಒಂದರ ಮೇಲೊಂದು ದೋಸೆಗಳನ್ನು ಪೇರಿಸಿದಂತೆ ಒಂದು ಸಾಲಾಗಿಯೂ, ಪ್ರತಿಗ್ರಾಹಿಗಳು ಮತ್ತೊಂದು ಸಾಲಾಗಿಯೂ ನಿಲ್ಲುತ್ತವೆ. ದಾನವು ಪೂರ್ಣವಲ್ಲ, ಅಣುವೊಂದಕ್ಕೆ ಸರಾಸರಿ ಅರ್ಧ ಎಲೆಕ್ಟ್ರಾನಿಗಿಂತ ಸ್ವಲ್ಪ ಹೆಚ್ಚು ಮಾತ್ರವೇ ಕೈಬದಲಾಗುತ್ತದೆ. ಈ ಅರೆದಾನವೇ ಇಲ್ಲಿಯ ಮರ್ಮ: ಪೂರ್ಣದಾನವಾಗಿದ್ದರೆ ಎಲೆಕ್ಟ್ರಾನುಗಳು ನೆಲೆನಿಂತು ಹರಿಯುವಿಕೆಗೆ ತೆರಪೇ ಇರುತ್ತಿರಲಿಲ್ಲ. ಸಾಧಾರಣ ಉಷ್ಣತೆಯಲ್ಲಿ ಈ ಹರಳು ತಾಮ್ರದ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ವಾಹಕ. ತಣಿಸುತ್ತ ಹೋದಂತೆ ವಾಹಕತೆಯು ಏರುತ್ತದೆ. ಆದರೆ ಪರಮಶೂನ್ಯದ ಮೇಲೆ ಅರುವತ್ತು ಡಿಗ್ರಿಗಿಂತ ಕೆಳಗೆ ಹೋಗುತ್ತಲೇ ಅದು ಕುಸಿದು ಹರಳು ಅವಾಹಕವಾಗುತ್ತದೆ. ಒಂದೇ ಸಾಲಿನಲ್ಲಿ ಹರಿಯುವ ಲೋಹವು ತಂಪಿನಲ್ಲಿ ನಿಲ್ಲಲಾರದು, ಸಮದೂರದಲ್ಲಿ ನಿಂತವು ಗುಂಪುಗೂಡಿ ದಾರಿಯನ್ನು ಕಟ್ಟಿಹಾಕುವುವು ಎಂದು ಪೈಯರ್ಲ್ಸ್ ಎಂಬ ಪಂಡಿತನು 1955ರಲ್ಲಿಯೇ ತೋರಿಸಿದ್ದನು.

ಈ ಕುಸಿತವನ್ನು ದಾಟಿದವನು ಡೆನ್ಮಾರ್ಕಿನ ಕ್ಲಾಸ್ ಬೆಕ್‌ಗಾರ್ಡ್ (1945–2017). ದ್ರವ್ಯಗಳನ್ನು ಕುರಿತ ರಸಾಯನವಿದ್ಯೆಯಲ್ಲಿ ಈತನ ಕೆಲಸವು ಶಬ್ದಶಾಸ್ತ್ರದವರಿಗೂ ರುಚಿಸತಕ್ಕುದು. ಏಕೆಂದರೆ ಅದರ ಸಾರವು ಒಂದಕ್ಷರದ ಆದೇಶದಂತಿದೆ. ಗಂಧಕವಿದ್ದ ಸ್ಥಾನದಲ್ಲಿ ಆತನು ಅದೇ ಕುಲಕ್ಕೆ ಸೇರಿದ, ಅದಕ್ಕಿಂತ ದೊಡ್ಡದಾದ, ಸೆಲೆನಿಯಂ ಪರಮಾಣುವನ್ನು ನಿಲ್ಲಿಸಿದ ಅಣುವನ್ನು ಆಶ್ರಯಿಸಿದನು. ಸೆಲೆನಿಯಮ್ಮಿನ ಎಲೆಕ್ಟ್ರಾನು ಮೇಘವು ಹೆಚ್ಚು ಹರಡಿಕೊಂಡಿರುವುದರಿಂದ ಪಕ್ಕದ ಸಾಲಿನ ಅಣುಗಳೊಡನೆಯೂ ಅದಕ್ಕೆ ಸಂಬಂಧವುಂಟಾಗಿ, ಏಕಮಾತ್ರವಾದ ದಾರಿಗೆ ಅಡ್ಡದಾರಿಗಳು ಸೇರಿದವು. ಕೋಪನ್‌ಹೇಗನ್ನಿನ ವಿಶ್ವವಿದ್ಯಾನಿಲಯದಲ್ಲಿ ಈ ಹರಳುಗಳನ್ನು ಬೆಳೆಸಿದ ಕ್ರಮವೂ ಗಮನಿಸತಕ್ಕುದು. ದ್ರಾವಣದಲ್ಲಿ ಪ್ಲಾಟಿನಂ ಕಡ್ಡಿಗಳನ್ನಿಟ್ಟು ಅತ್ಯಲ್ಪವಾದ ವಿದ್ಯುತ್ತನ್ನು ದಿನಗಟ್ಟಲೆ ಹರಿಸಿದರೆ ಕಡ್ಡಿಯ ಮೇಲೆ ಸೂಜಿಯಂತಹ ಕಪ್ಪು ಹೊಳಪಿನ ಹರಳುಗಳು ಮೂಡುತ್ತವೆ. ಅವಸರಪಟ್ಟು ವಿದ್ಯುತ್ತನ್ನು ಹೆಚ್ಚಿಸಿದರೆ ಹರಳು ಕೆಡುತ್ತದೆ.

ಈ ಹರಳಿನಲ್ಲಿ ಎರಡು ಸೆಲೆನಿಯಮಯ ಅಣುಗಳಿಗೆ ಒಂದರಂತೆ, ರಂಜಕದ ಒಂದು ಪರಮಾಣುವನ್ನು ಫ್ಲೋರಿನ್ನಿನ ಆರು ಪರಮಾಣುಗಳು ಸುತ್ತುವರಿದ ಋಣಭಾಗವಿರುತ್ತದೆ. ಎರಡು ಅಣುಗಳು ಕೂಡಿ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟಿರುವುದರಿಂದ ಇಲ್ಲಿಯೂ ಅರೆದಾನವೇ. ಸುಮ್ಮನೆ ತಣಿಸಿದರೆ ಇದು ಸುಮಾರು 12 ಡಿಗ್ರಿಯಲ್ಲಿ ಅವಾಹಕವಾಗಿಬಿಡುತ್ತದೆ. ಆದರೆ ಫ್ರಾನ್ಸಿನ ಓರ್ಸೆಯಲ್ಲಿ ಜೆರೋಮ್ ಎಂಬವನೂ ಅವನ ಜತೆಗಾರರೂ ಬೆಕ್‌ಗಾರ್ಡನ ಹರಳನ್ನು ವಾತಾವರಣದ ಸುಮಾರು 12,000 ಪಟ್ಟು ಒತ್ತಡದಲ್ಲಿಟ್ಟು ತಣಿಸಿದಾಗ, 0.9 ಡಿಗ್ರಿಯಲ್ಲಿ ಅದರ ರೋಧವು ಇಲ್ಲವಾಯಿತು. 1980ರಲ್ಲಿ ಪ್ರಕಟವಾದ ಈ ಫಲವೇ ಇಂಗಾಲಮಯ ಅಣುಗಳ ಹರಳೊಂದು ಅತಿವಾಹಕವಾದುದರ ಮೊದಲನೆಯ ನಿದರ್ಶನ. ಮರುವರ್ಷವೇ, ಋಣಭಾಗವನ್ನು ಬದಲಿಸಿ ಪರ್‌ಕ್ಲೋರೇಟನ್ನು ಇಟ್ಟ ಹರಳು ಒತ್ತಡವಿಲ್ಲದೆಯೇ ಒಂದು ಡಿಗ್ರಿಗಿಂತ ಸ್ವಲ್ಪ ಮೇಲೆ ಅತಿವಾಹಕವಾಯಿತು. ಈ ಕುಲದ ಹರಳುಗಳಿಗೆ ಬೆಕ್‌ಗಾರ್ಡ್ ಲವಣಗಳೆಂಬ ಹೆಸರು ನಿಂತಿತು. ಬಳಿಕ ಬೇರೆ ಅಣುಗಳಿಂದ ಹಾಳೆ ಹಾಳೆಯಾಗಿ ಕಟ್ಟಿದ ಹರಳುಗಳು ಬಂದವು. 1988ರಲ್ಲಿ ಜಪಾನಿನಲ್ಲಿ 10.4 ಡಿಗ್ರಿಯವರೆಗೂ, 1990ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯ ಜಾಕ್ ವಿಲಿಯಮ್ಸನ ಗುಂಪಿನಲ್ಲಿ 11.6 ಡಿಗ್ರಿ, ಸ್ವಲ್ಪ ಒತ್ತಡದಲ್ಲಿ 12.8 ಡಿಗ್ರಿಯವರೆಗೂ ಈ ಗುಣವು ಏರಿತು.

ವಸ್ತುವು ಇಷ್ಟಾಯಿತು. ಇನ್ನು ಶಬ್ದ.

ನ್ಯಾಯವೈಶೇಷಿಕಗಳಲ್ಲಿ ಸಾವಯವವೆಂದರೆ ಭಾಗಗಳುಳ್ಳದ್ದು. ತಂತುಗಳು ಅವಯವ, ಪಟವು ಅವಯವಿ. ಜಗತ್ತು ಕಾರ್ಯವೆಂದು ಸಾಧಿಸುವವರು ಅದರ ಸಾವಯವತ್ವವನ್ನೇ ಹೇತುವಾಗಿ ಹೇಳುವರು. ನಿರವಯವವಾದುವು ಆಕಾಶ, ಆತ್ಮ, ಪರಮಾಣು ಮೊದಲಾದ ಕೆಲವು ಮಾತ್ರ. ಹೀಗಿರುವಲ್ಲಿ ಅಡಿಗೆಯ ಉಪ್ಪನ್ನೂ ಮೈಲುತುತ್ತವನ್ನೂ ನಿರವಯವವೆಂದು ಕರೆಯುವ ವಾಡಿಕೆಯು ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಕಿವಿಗೆ ಕಹಿ. ಉಪ್ಪಿನ ಹರಳಿಗೆ ಅವಯವಗಳಿಲ್ಲವೆಂದರೆ ಅದನ್ನು ಕುಟ್ಟಿ ಪುಡಿಮಾಡುವುದು ಹೇಗೆ?

ಇದಕ್ಕೆ ಸಮಾಧಾನವಾಗಿ, ಪಾರಿಭಾಷಿಕ ಶಬ್ದದಲ್ಲಿ ರೂಢಿಯೇ ಪ್ರಬಲ, ಯೋಗಾರ್ಥವನ್ನು ಹಿಡಿದು ಜಗ್ಗಬಾರದು, ಕೆಸರಿನಲ್ಲಿ ಹುಟ್ಟಿದ ಎಲ್ಲವೂ ಪಂಕಜವಲ್ಲ ಎಂದು ಹೇಳಬಹುದು. ಈ ಮಾತು ಒಪ್ಪತಕ್ಕುದೇ. ಪಂಡಿತರಾದವರು ಹೊಸ ಶಾಸ್ತ್ರದ ಶಬ್ದಗಳನ್ನು ಹಳೆಯ ಶಾಸ್ತ್ರದ ಅರ್ಥದಿಂದಲೇ ಅಳೆಯುವುದು ನ್ಯಾಯವಲ್ಲ. ಆದರೆ ಇಲ್ಲಿಯ ದೋಷವು ಯೋಗಕ್ಕೂ ರೂಢಿಗೂ ನಡೆದ ಜಗಳವಲ್ಲ. ಎರಡು ರೂಢಿಗಳಿಗೆ ನಡೆದ ಜಗಳ. ರಸಾಯನದ ರೂಢಿಯೊಂದು, ಹೊಲದ ರೂಢಿಯೊಂದು. ಎರಡೂ ಒಂದೇ ವಿದ್ಯಾರ್ಥಿಯ ತಲೆಯಲ್ಲಿ, ಒಂದೇ ಊರಿನ ಫಲಕಗಳ ಮೇಲೆ. ಪಂಕಜವೆಂಬುದು ಕೆರೆಯಲ್ಲಿ ತಾವರೆಯೂ ತೋಟದಲ್ಲಿ ಬಾಳೆಯೂ ಆಗಿದ್ದರೆ ಕವಿಗಳ ಗತಿಯೇನು?

ಇಂಗ್ಲಿಷ್ ಶಬ್ದವನ್ನೇ ಇಟ್ಟುಕೊಂಡರೆ ಈ ತೊಡಕು ತಪ್ಪುವುದೆಂದು ಕೆಲವರು ಎಣಿಸುವರು. ತಪ್ಪುವುದಿಲ್ಲ. 'ಆರ್ಗ್ಯಾನಿಕ್' ಎಂಬ ಶಬ್ದವು ಇಂಗ್ಲಿಷಿನಲ್ಲಿಯೂ ರಸಾಯನದಲ್ಲಿ ಒಂದು, ಕೃಷಿಯಲ್ಲಿ ಒಂದು. ಕನ್ನಡದ ಅನುವಾದಕರು ಆ ರೋಗವನ್ನು ಹುಟ್ಟಿಸಿದವರಲ್ಲ. ಶಬ್ದದೊಡನೆ ಅದನ್ನೂ ತಂದವರು. ನೆರೆಯವರು ಮಾಡಿದುದನ್ನು ನೋಡಿದರೆ ಇದು ಅನಿವಾರ್ಯವಾಗಿರಲಿಲ್ಲವೆಂದು ತಿಳಿಯುತ್ತದೆ. ಮರಾಠಿಯವರು ಎರಡಕ್ಕೂ 'ಸೇಂದ್ರಿಯ' ಎಂದು ಕನ್ನಡದವರಂತೆಯೇ ಸಿಕ್ಕಿಕೊಂಡಿದ್ದಾರೆ. ಹಿಂದಿಯವರು ರಸಾಯನಕ್ಕೆ 'ಕಾರ್ಬನಿಕ', ಕೃಷಿಗೆ 'ಜೈವಿಕ' ಎಂದು ಬೇರ್ಪಡಿಸಿದರು. ತಮಿಳಿನಲ್ಲಿ ರಸಾಯನದ ಶಬ್ದವು ಕರಿಯಿಂದಲೂ, ತೆಲುಗಿನಲ್ಲಿ ಕರ್ಬನದಿಂದಲೂ ಹುಟ್ಟಿತು. ಹೊಲಕ್ಕೆ ಅವರು ಬೇರೆ ಶಬ್ದಗಳನ್ನು ಇಟ್ಟುಕೊಂಡರು.

ಹಾಗಾದರೆ ಕನ್ನಡದಲ್ಲಿಯೂ ಇಂಗಾಲವನ್ನು ಹಿಡಿದು ಶಬ್ದವನ್ನು ಕಟ್ಟಬಾರದೇಕೆ? ಇಂಗಾಲವು ಒಳ್ಳೆಯ ಶಬ್ದ. ಸಂಸ್ಕೃತದ ಅಂಗಾರವು ಪ್ರಾಕೃತದಲ್ಲಿ ಇಂಗಾಲವಾಗಿದೆ. ಕನ್ನಡದ ಇಂಗಳವೂ ಅದರ ಒಡಹುಟ್ಟು. ನವುಲೆಗೆ ಹತ್ತಿರದ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದುದು ಇಲ್ಲಿ ನೆನಪಾಗುತ್ತದೆ. ಮೈಸೂರು ಸಂಸ್ಥಾನವು ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ತೆರೆದು 1923ರಲ್ಲಿ ಕೆಲಸವನ್ನು ಆರಂಭಿಸಿದಾಗ ಕುಲುಮೆಗೆ ಬೇಕಾದ ಇದ್ದಲಿಗಾಗಿ ಮಲೆನಾಡಿನ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಟ ಆವಿಯಿಂದ ಮರದ ಮದ್ಯಸಾರ ಮೊದಲಾದುವನ್ನು ಇಳಿಸುತ್ತಿದ್ದರು. ಇಂಗಾಲದ ರಸಾಯನವು ಈ ಸೀಮೆಗೆ ಪುಸ್ತಕದಿಂದ ಬಂದುದಲ್ಲ, ಕಾಡಿನಿಂದ ಬಂದುದು. ಒಣಗಿದ ಸೌದೆಯು ವಿದ್ಯುತ್ತನ್ನು ಒಯ್ಯದು. ಅದನ್ನೇ ಬಹಳ ಹೆಚ್ಚಿನ ಶಾಖದಲ್ಲಿ ಕಾಯಿಸಿ ಮಾಡಿದ ಇದ್ದಲು ಒಯ್ಯುತ್ತದೆ. ಆದರೆ ತೊಡಕು ಇರುವುದು ಇಲ್ಲಿಯೇ. 'ಇಂಗಾಲವಾಹಕ' ಎಂದ ಕೂಡಲೆ ಕೇಳುವವರ ಮನಸ್ಸಿಗೆ ಬರುವುದು ಇದ್ದಲು, ಗ್ರಾಫೈಟು, ಟಾರ್ಚಿನ ಶುಷ್ಕಕೋಶದ ನಡುವಣ ಕಪ್ಪು ಕಡ್ಡಿ. ಅವೂ ವಾಹಕಗಳೇ, ಬೆಕ್‌ಗಾರ್ಡನ ಹರಳಲ್ಲ. ಇಂಗಾಲವೆಂಬ ಶಬ್ದವು ರಸಾಯನಶಾಸ್ತ್ರದ ಇಡೀ ವಿಭಾಗಕ್ಕೆ ಹೊಂದಿದರೂ ಈ ವಾಹಕಗಳಿಗೆ ಹೊಂದುವುದಿಲ್ಲ.

ಇನ್ನೂ ಒಂದು ಸಂಗತಿಯುಂಟು. ಬೆಕ್‌ಗಾರ್ಡ್ ಲವಣದಲ್ಲಿ ಸೆಲೆನಿಯಮಯವಾದ ಅಣುವು ರಸಾಯನದವರ ಮಾತಿನಲ್ಲಿ ಸಾವಯವ. ರಂಜಕ–ಫ್ಲೋರಿನ್ನುಗಳ ಋಣಭಾಗವು ಅಲ್ಲ. ಎರಡನೆಯದಿಲ್ಲದೆ ಮೊದಲನೆಯದು ವಾಹಕವಾಗದು. ಅದನ್ನು ಬದಲಿಸಿದರೆ ಹರಳಿನ ಸ್ವಭಾವವೇ ಬದಲಾಗುತ್ತದೆಂಬುದಕ್ಕೆ ಪರ್‌ಕ್ಲೋರೇಟಿನ ಹರಳೇ ಸಾಕ್ಷಿ. ಆದುದರಿಂದ 'ಸಾವಯವ ವಾಹಕ' ಎಂಬ ಹೆಸರು ಅರ್ಧ ವಸ್ತುವನ್ನು ಮಾತ್ರ ಹೇಳುತ್ತದೆ. 1991ರಲ್ಲಿ ಅರುವತ್ತು ಇಂಗಾಲ ಪರಮಾಣುಗಳ ಚೆಂಡಿನಂತಹ ಫುಲ್ಲರೀನ್ ಅಣುಗಳ ನಡುವೆ ಪೊಟ್ಯಾಸಿಯಮ್ಮನ್ನು ಸೇರಿಸಿದಾಗ ಸುಮಾರು 18 ಡಿಗ್ರಿಯಲ್ಲಿ ಅತಿವಾಹಕತೆಯು ಕಂಡುಬಂದಿತು. ಆ ಚೆಂಡಿನಲ್ಲಿ ಇಂಗಾಲವಲ್ಲದೆ ಬೇರೇನೂ ಇಲ್ಲ; ಜಲಜನಕವೂ ಇಲ್ಲ. ಇದನ್ನು ಸಾವಯವವೆನ್ನಬೇಕೋ ಬೇಡವೋ ಎಂಬಲ್ಲಿ ರಸಾಯನಜ್ಞರಲ್ಲಿಯೇ ಏಕಮತವಿಲ್ಲ.

ಇಲ್ಲಿ ಮತ್ತೊಂದು ಪೂರ್ವಪಕ್ಷವನ್ನು ಎದುರಿಸಬೇಕು. ಅವಯವಗಳ ಸನ್ನಿವೇಶದಿಂದಲೇ ಈ ಹರಳಿನ ಗುಣವು ಹುಟ್ಟುವುದಾದುದರಿಂದ, ಸಾವಯವವೆಂಬ ಶಬ್ದವು ವೈಶೇಷಿಕರ ಹಳೆಯ ಅರ್ಥದಲ್ಲಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ; ಈ ವಿದ್ಯೆಯೆಲ್ಲವೂ ಕಣಾದನ ದರ್ಶನದಲ್ಲಿ ಅಡಗಿದೆ ಎಂದು ಉತ್ಸಾಹಿಗಳು ಹೇಳಿಯಾರು. ಮೊದಲನೆಯ ಮಾತಿನಲ್ಲಿ ಸ್ವಾರಸ್ಯವುಂಟು. ಒಂದೇ ಅಣುವನ್ನು ಬೇರೆ ರೀತಿಯಲ್ಲಿ ಪೇರಿಸಿದರೆ ವಾಹಕತೆಯೇ ಇಲ್ಲವಾಗಬಹುದು. ಬೆಕ್‌ಗಾರ್ಡನ ಹರಳಿನಲ್ಲಿ ಸಾಲಿನುದ್ದಕ್ಕೆ ವಿದ್ಯುತ್ತು ಸುಲಭವಾಗಿ ಹರಿದರೆ ಅಡ್ಡಕ್ಕೆ ಬಹಳ ಕಷ್ಟದಿಂದ ಹರಿಯುತ್ತದೆ. ಆದರೆ ಎರಡನೆಯ ಮಾತು ಶಾಸ್ತ್ರಕ್ಕೇ ವಿರುದ್ಧ. ಅವಯವಗಳ ರೂಪಾದಿಗುಣಗಳಿಂದಲೇ ಅವಯವಿಯ ಗುಣಗಳು ಹುಟ್ಟುವುವು, ಬಿಳಿಯ ನೂಲಿನಿಂದ ಬಿಳಿಯ ಬಟ್ಟೆ, ಎಂಬುದು ವೈಶೇಷಿಕರ ನಿಯಮ. ಇಲ್ಲಿಯಾದರೋ ದಾತೃವೂ ತಾನಾಗಿ ಅವಾಹಕ, ಪ್ರತಿಗ್ರಾಹಿಯೂ ತಾನಾಗಿ ಅವಾಹಕ, ಕೂಡಿದುದು ಲೋಹಸದೃಶ. ಬಣ್ಣವಿಲ್ಲದ ಎರಡು ನೂಲುಗಳಿಂದ ಕೆಂಪು ಬಟ್ಟೆಯು ಹೊರಟಂತೆ. ಕಣಾದನಿಗೆ ಇದು ತಿಳಿದಿತ್ತೆಂದು ಹೇಳುವವರು ಕಣಾದನನ್ನೂ ಓದಿಲ್ಲ, ಬೆಕ್‌ಗಾರ್ಡನನ್ನೂ ಓದಿಲ್ಲ. ಹಳೆಯ ಶಾಸ್ತ್ರಕ್ಕೆ ಇದರಿಂದ ಕುಂದೇನೂ ಬರುವುದಿಲ್ಲ. ಅದು ಕೇಳಿದ ಪ್ರಶ್ನೆಯೇ ಬೇರೆ.

'ವಾಹಕ' ಎಂಬುದರಲ್ಲಿ ಹೆಚ್ಚು ಹೇಳತಕ್ಕುದಿಲ್ಲ. ವಹ ಧಾತುವಿನ ಭಾಗ್ಯವೆಂದರೆ ಅದು ಹೊರುವುದನ್ನೂ ಹೇಳುತ್ತದೆ, ಹರಿಯುವುದನ್ನೂ ಹೇಳುತ್ತದೆ: ಎತ್ತು ಭಾರವನ್ನು ವಹಿಸುತ್ತದೆ, ಹೊಳೆಯು ಪ್ರವಹಿಸುತ್ತದೆ. ಹಿಂದಿಯವರ 'ಚಾಲಕ'ಕ್ಕಿಂತ ಇದು ಉತ್ತಮ. ಅವರ ವಿದ್ಯುಚ್ಚಾಲಕವು ಕನ್ನಡಿಗನಿಗೆ ಬಸ್ಸನ್ನು ನಡೆಸುವವನಂತೆ ತೋರುತ್ತದೆ. ಬಸ್ಸಿನ ಮಾತು ಬಂದುದರಿಂದ ಒಂದು ವಿನೋದವನ್ನು ಹೇಳಬಹುದು. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟು ಕೊಡುವವನಿಗೆ ಕನ್ನಡದಲ್ಲಿ 'ನಿರ್ವಾಹಕ'ನೆಂದು ಹೆಸರು. ನಿರವಯವದಲ್ಲಿಯೂ ನಿರ್ಜೀವದಲ್ಲಿಯೂ 'ನಿರ್' ಎಂಬುದಕ್ಕೆ ಇಲ್ಲವೆಂಬ ಅರ್ಥವನ್ನು ಕಲಿತ ಬಾಲಕನು, ನಿರ್ವಾಹಕನೆಂದರೆ ವಿದ್ಯುತ್ತನ್ನು ಒಯ್ಯದ ವಸ್ತುವೆಂದು ತಿಳಿದರೆ ಉಪಾಧ್ಯಾಯನು ಏನು ಹೇಳಬೇಕು? ಅಲ್ಲಿ 'ನಿರ್' ಎಂಬುದು ಕಡೆಮುಟ್ಟಿಸುವುದನ್ನು ಹೇಳುತ್ತದೆ, ಅಭಾವವನ್ನಲ್ಲ. ಉಪಸರ್ಗವೊಂದಕ್ಕೆ ಒಂದೇ ಅರ್ಥವನ್ನು ಕಟ್ಟಿಕೊಡುವ ಪಾಠಕ್ರಮದಿಂದ ಇಂತಹ ಅನರ್ಥಗಳು ಹುಟ್ಟುತ್ತವೆ.

ಈ ಮಾತು 'ಅತಿವಾಹಕ'ದಲ್ಲಿ ಹೆಚ್ಚು ಮುಖ್ಯವಾಗುತ್ತದೆ. ಈ ಶಬ್ದವನ್ನು ಕೇಳಿದವರೆಲ್ಲರೂ ಬಹಳ ಚೆನ್ನಾಗಿ ಒಯ್ಯುವ ವಾಹಕವೆಂದೇ ತಿಳಿಯುತ್ತಾರೆ. ಅದು ಅಸತ್ಯ. ಲೋಹಗಳಲ್ಲಿ ಉತ್ತಮ ವಾಹಕಗಳಾದ ಬೆಳ್ಳಿತಾಮ್ರಗಳು ಎಷ್ಟು ತಣಿಸಿದರೂ ಅತಿವಾಹಕಗಳಾದುದು ಕಂಡುಬಂದಿಲ್ಲ. ಅವುಗಳಿಗಿಂತ ಕೀಳಾದ ಸೀಸ, ತವರ, ಪಾದರಸಗಳು ಆಗುತ್ತವೆ. ಗುಣವು ಏರುತ್ತ ಏರುತ್ತ ತುದಿಯನ್ನು ಮುಟ್ಟಿದುದಾಗಿದ್ದರೆ ಮೊದಲು ಮುಟ್ಟಬೇಕಾಗಿದ್ದವು ಬೆಳ್ಳಿತಾಮ್ರಗಳಲ್ಲವೆ? ಅಲ್ಲದೆ 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಎಂಬವರು ಕಂಡುಕೊಂಡಂತೆ ಅತಿವಾಹಕವಾದ ವಸ್ತುವು ತನ್ನೊಳಗಿನಿಂದ ಅಯಸ್ಕಾಂತಕ್ಷೇತ್ರವನ್ನು ಹೊರದೂಡುತ್ತದೆ. ರೋಧವು ಕೇವಲ ಶೂನ್ಯವಾದ ಮಾತ್ರದಿಂದ ಈ ಗುಣವು ಬರುವುದಿಲ್ಲ. ಅತಿವಾಹಕತೆಯು ವಾಹಕತೆಯ ಹೆಚ್ಚಳವಲ್ಲ. ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಒಟ್ಟಿಗೆ ನಡೆಯುವ ಬೇರೊಂದು ಅವಸ್ಥೆ.

ಹಾಗಾದರೆ ಶಬ್ದವನ್ನು ತೆಗೆದುಹಾಕಬೇಕೆ? ಬೇಕಾಗಿಲ್ಲ. ಪಾಣಿನಿಯು 'ಅತಿ' ಎಂಬುದಕ್ಕೆ ಅತಿಕ್ರಮಣವೆಂಬ ಅರ್ಥವನ್ನು ಹೇಳಿರುತ್ತಾನೆ. ಮಾಲೆಯನ್ನು ಮೀರಿದುದು ಅತಿಮಾಲವೆಂಬ ಸಮಾಸಕ್ರಮವು ವೈಯಾಕರಣರಿಗೆ ಪರಿಚಿತ. ಮಲೆನಾಡಿನ ಮಕ್ಕಳಿಗೆ ಅತಿವೃಷ್ಟಿಯು ಗೊತ್ತು. ಅಲ್ಲಿಯ 'ಅತಿ' ಹೆಚ್ಚಳ. ಅತೀಂದ್ರಿಯವೆಂದರೆ ಹೆಚ್ಚು ಚುರುಕಾದ ಇಂದ್ರಿಯವಲ್ಲ, ಇಂದ್ರಿಯಗಳನ್ನು ಮೀರಿದುದು. ಅತಿವಾಹಕದ 'ಅತಿ'ಯು ಅತಿವೃಷ್ಟಿಯದಲ್ಲ, ಅತೀಂದ್ರಿಯದ್ದು ಎಂದು ಪಾಠಪುಸ್ತಕದಲ್ಲಿ ಒಂದು ವಾಕ್ಯವನ್ನು ಬರೆದರೆ, ಶಬ್ದವು ತಪ್ಪು ದಾರಿಯನ್ನು ತೋರಿಸುವುದಕ್ಕೆ ಬದಲಾಗಿ ವಸ್ತುವಿನ ಮರ್ಮವನ್ನೇ ಹೇಳುತ್ತದೆ. ಇಂಗ್ಲಿಷಿನ 'ಸೂಪರ್' ಎಂಬುದರಲ್ಲಿ ಓದುವವನಿಗೆ ಈ ಸೌಲಭ್ಯವು ಅಷ್ಟು ಬೇಗ ಸಿಕ್ಕುವುದಿಲ್ಲ. ಅಂಗಡಿಯ ಹೆಸರುಗಳಲ್ಲಿ ಸವೆದು ಅದು ಕೇವಲ ಪ್ರಶಂಸೆಯಾಗಿದೆ. ವೇದಾಂತದಲ್ಲಿ ಜೀವನನ್ನು ದಾಟಿಸಿ ಒಯ್ಯುವ ದೇವತೆಗಳಿಗೆ 'ಆತಿವಾಹಿಕ'ರೆಂದು ಹೆಸರಿರುವುದು ಪಂಡಿತರ ಸಂತೋಷಕ್ಕೆ ಮಾತ್ರ ಇಲ್ಲಿ ಹೇಳಿದುದು. ಪಾಠಪುಸ್ತಕಕ್ಕೆ ಅದು ಬೇಡ.

ಅತಿವಾಹಕಗಳ ವಿಷಯದಲ್ಲಿ ಕನ್ನಡನಾಡು ಬರಿಯ ಶ್ರೋತೃವಲ್ಲ. ಬೆಂಗಳೂರಿನಲ್ಲಿ 1934ರಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರೂ ಅವರ ಸಹೋದ್ಯೋಗಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲ್ಯಾಂಥನಂ–ತಾಮ್ರಗಳ ಆಕ್ಸೈಡುಗಳನ್ನು, ಅವುಗಳ ಅತಿವಾಹಕತೆಯನ್ನು 1986ರಲ್ಲಿ ಬೆಡ್ನೋರ್ಟ್ಸ್ ಮತ್ತು ಮುಲ್ಲರ್ ತೋರಿಸುವುದಕ್ಕೆ ಎಷ್ಟೋ ಮೊದಲೇ, ಬೇರೆ ದೃಷ್ಟಿಯಿಂದ ಪರೀಕ್ಷಿಸಿದ್ದರು. 1987ರಲ್ಲಿ ದ್ರವ ಸಾರಜನಕದ 77 ಡಿಗ್ರಿಗಿಂತ ಮೇಲೆಯೇ ಅತಿವಾಹಕವಾಗುವ ಇಟ್ರಿಯಂ–ಬೇರಿಯಂ–ತಾಮ್ರ ಆಕ್ಸೈಡಿನ ಅನ್ವೇಷಣೆಯ ಕಾಲದಲ್ಲಿ ಮುಂದಿನ ಸಾಲಿನಲ್ಲಿದ್ದರು. ಮಡಕೆಯ ಚೂರಿನಂತೆ ಮುರಿಯುವ ಈ ಆಕ್ಸೈಡುಗಳು ರಸಾಯನದ ರೂಢಿಯಲ್ಲಿ 'ನಿರವಯವ'. ಸಾಧಾರಣ ಉಷ್ಣತೆಯಲ್ಲಿ ಅವೂ ಕೀಳು ವಾಹಕಗಳೇ. ಹೀಗೆ ಸಾವಯವ, ನಿರವಯವ ಎಂಬ ಗೋಡೆಯ ಎರಡು ಕಡೆಯಲ್ಲಿಯೂ ಒಂದೇ ಗುಣವು ಕಾಣಿಸಿಕೊಂಡ ಮೇಲೆ ಆ ಗೋಡೆಯ ಮೇಲೆ ಅಷ್ಟು ಭಾರವನ್ನು ಹೊರಿಸುವುದು ಸರಿಯಲ್ಲ.

ಇಂತಹ ಶಬ್ದಗಳ ಗೊಡವೆಯು ಸಾಹಿತ್ಯದ ಉಪಾಧ್ಯಾಯರಿಗೇಕೆ ಎಂದು ಕೇಳಬಹುದು. ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದವರು. ಪಂಪಭಾರತವನ್ನು ಪರಿಷ್ಕರಿಸಿಕೊಟ್ಟವರೂ ಅವರೇ. ಒಂದೇ ಮೇಜಿನ ಮೇಲೆ ಪಂಪನ ಪಾಠಾಂತರಗಳೂ ವಿದ್ಯುತ್ತಿನ ಪರಿಭಾಷೆಯೂ ಇದ್ದ ಕಾಲವೊಂದಿತ್ತು. ಈಗ ವಿಜ್ಞಾನದ ಪಾಠಪುಸ್ತಕವನ್ನು ವಿಜ್ಞಾನದವರು ಬರೆದು, ಭಾಷೆಯವರು ಕಾಗುಣಿತವನ್ನು ಮಾತ್ರ ತಿದ್ದಿಕೊಡುವ ಏರ್ಪಾಡು ನಡೆದಿದೆ. ನಿರವಯವದಂತಹ ಶಬ್ದವು ಇಷ್ಟು ದಿನ ಉಳಿದುಕೊಂಡದ್ದು ಈ ಏರ್ಪಾಡಿನಿಂದ.

ಉಳಿದುದು ಬೆಕ್‌ಗಾರ್ಡ್ ಲವಣಗಳಂತಹ ವಸ್ತುಗಳಿಗೆ ತಕ್ಕ ಹೆಸರು. ಪಾಶ್ಚಾತ್ಯ ವಿದ್ವಾಂಸರಲ್ಲಿಯೂ ಈಚೆಗೆ ಅನೇಕರು ಆರ್ಗ್ಯಾನಿಕ್ ಎಂಬುದನ್ನು ಬಿಟ್ಟು 'ಮಾಲಿಕ್ಯುಲರ್' ಎಂಬ ವಿಶೇಷಣವನ್ನು ಹಿಡಿದಿದ್ದಾರೆ. ಪರಮಾಣುಗಳಲ್ಲ, ಇಡಿಯ ಅಣುಗಳೇ ಇಟ್ಟಿಗೆಗಳಾಗಿ ಕಟ್ಟಿದ ವಾಹಕಗಳಿವು ಎಂಬುದು ಅವರ ಅಭಿಪ್ರಾಯ. ಫುಲ್ಲರೀನೂ ಇದರಲ್ಲಿ ಜಗಳವಿಲ್ಲದೆ ಅಡಗುತ್ತದೆ. ಇದನ್ನೇ ಹಿಡಿದು 'ಅಣುವಾಹಕ' ಎನ್ನೋಣವೆಂದರೆ ಕನ್ನಡದಲ್ಲಿ ಮತ್ತೊಂದು ರೂಢಿಯು ಅಡ್ಡಬರುತ್ತದೆ. ಪಶ್ಚಿಮಕ್ಕೆ ಘಟ್ಟದಾಚೆ ಕೈಗಾದಲ್ಲಿ ಅಣುಸ್ಥಾವರವಿದೆ. ವೃತ್ತಪತ್ರಿಕೆಗಳಲ್ಲಿ ಅಣುಬಾಂಬು ದಿನಬಳಕೆಯ ಮಾತು. ಅಣುವಾಹಕವೆಂದರೆ ಅಣ್ವಸ್ತ್ರವನ್ನು ಹೊತ್ತುಹೋಗುವ ವಾಹನವೆಂದು ಯಾರಾದರೂ ತಿಳಿದಾರು. ಆದುದರಿಂದ 'ಅಣುಘಟಿತ ವಾಹಕ', 'ಅಣುಘಟಿತ ಅತಿವಾಹಕ' ಎಂಬುವು ಸದ್ಯಕ್ಕೆ ಗ್ರಾಹ್ಯವೆಂದು ತೋರುತ್ತದೆ. ಘಟಿತವೆಂಬುದರಿಂದ ಅಣುಗಳ ಜೋಡಣೆಯೇ ಇಲ್ಲಿಯ ಪ್ರಾಣವೆಂಬುದೂ ಸೂಚಿತವಾಗುತ್ತದೆ. ಪಾಠಪುಸ್ತಕಗಳಲ್ಲಿ ಬೇರೂರಿರುವ 'ಸಾವಯವ ವಾಹಕ'ವನ್ನು ಮೊದಲನೆಯ ಸಾರಿ ಬರುವಲ್ಲಿ ಪರ್ಯಾಯವಾಗಿ ಹೇಳಿ ಮುಂದೆ ಬಿಟ್ಟುಬಿಡಬಹುದು. ನಿರವಯವವನ್ನು ಮಾತ್ರ ಪೂರ್ತಿಯಾಗಿ ಕೈಬಿಟ್ಟು, ಇಂಗಾಲೇತರವೆಂದೋ ಖನಿಜವೆಂದೋ ಸಂದರ್ಭಕ್ಕೆ ತಕ್ಕಂತೆ ಹೇಳತಕ್ಕುದು. ನವುಲೆಯ ಕೃಷಿಕೇಂದ್ರದ ಫಲಕದ ಮೇಲೆ ಸಾವಯವವು ಹಾಗೆಯೇ ಇರಲಿ; ರೈತರ ಬಾಯಲ್ಲಿ ಅದು ಈಗ ಗಟ್ಟಿಯಾಗಿ ನಿಂತಿದೆ, ಬಿಟ್ಟುಕೊಡಬೇಕಾದವರು ರಸಾಯನದವರು.